ಕೆಲಸದ ಜಾಗದ ಸುರಕ್ಷತೆ: ಮಾಲೀಕರ ಪಾಲೆಷ್ಟು, ಕೆಲಸಗಾರರ ಪಾಲೆಷ್ಟು

‘ಸುರಕ್ಷತೆ ಎಲ್ಲರ ಹೊಣೆ’ ಎಂದು ಗೋಡೆಗೆ ಬೋರ್ಡ್ ಹಾಕಿದರೆ ಸಾಲದು. ಮೆಷಿನ್ನಿನ ಗಾರ್ಡ್ (ಓಡುವ ಭಾಗಕ್ಕೆ ಕೈ ತಾಗದಂತೆ ಹಾಕುವ ಕವಚ) ಸಡಿಲವಾಗಿದೆ ಅಂತಿಟ್ಟುಕೊಳ್ಳಿ. ಅದನ್ನು ಯಾರಿಗೆ ಹೇಳಬೇಕು, ಯಾರು ಸರಿಮಾಡಬೇಕು, ಸರಿಯಾಗುವ ತನಕ ಮೆಷಿನ್ ಓಡದಂತೆ ಯಾರು ನೋಡಿಕೊಳ್ಳಬೇಕು? ಈ ಮೂರಕ್ಕೂ ಹೆಸರು ಹಿಡಿದು ಉತ್ತರ ಹೇಳಲು ಬರದಿದ್ದರೆ ಆ ಜಾಗದಲ್ಲಿ ಹೊಣೆ ಹಂಚಿಕೆಯೇ ಆಗಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ 155ನೇ ಒಡಂಬಡಿಕೆ ಇದಕ್ಕೆ ಒಳ್ಳೆಯ ಬುನಾದಿ. ಕೆಲಸದ ಜಾಗ, ಯಂತ್ರ, ಉಪಕರಣ, ಕೆಲಸದ ವಿಧಾನ ಇವು ಸಾಧ್ಯವಿದ್ದಷ್ಟೂ ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವುದು ಮಾಲೀಕರ ಪಾಲು. ಅದರ ಖರ್ಚನ್ನು ಕೆಲಸಗಾರರ ಮೇಲೆ ಹೊರಿಸುವಂತಿಲ್ಲ. ಜೀವಕ್ಕೆ ಕುತ್ತು ತರುವ ಅಪಾಯ ಎದುರಿಗೇ ಇದೆ ಎಂದು ನಂಬಲು ಸರಿಯಾದ ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವರನ್ನು ಅದಕ್ಕಾಗಿ ಶಿಕ್ಷಿಸುವಂತಿಲ್ಲ. ಅಂಥ ಅಪಾಯ ಕಂಡ ಕೂಡಲೇ ಮೇಲಿನವರಿಗೆ ತಿಳಿಸುವುದು ಕೆಲಸಗಾರರ ಪಾಲು. ವಿವರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ನಿಮ್ಮಲ್ಲಿನ ಕಾನೂನನ್ನು ತಪ್ಪದೆ ನೋಡಿಕೊಳ್ಳಿ.

ಮಾಲೀಕರು ಶುರುಮಾಡಬೇಕಾದ್ದು ಅಪಾಯಗಳ ಪಟ್ಟಿಯಿಂದ. ಆಫೀಸಿನಲ್ಲಿ ಕೂತು ಬರೆದ ಪಟ್ಟಿ ಕೆಲಸಕ್ಕೆ ಬಾರದು. ಮೆಷಿನ್ ಓಡಿಸುವವರನ್ನೇ ಜೊತೆಗೆ ಕರೆದುಕೊಂಡು ಸುತ್ತಬೇಕು. ಉತ್ಪಾದನೆ ಸಲೀಸಾಗಿ ನಡೆಯುವಾಗ ಮಾತ್ರ ನೋಡಿದರೆ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಸಿಕ್ಕಿಕೊಂಡ ಮಾಲು ತೆಗೆಯುವಾಗ, ತೊಳೆಯುವಾಗ, ರಿಪೇರಿ ಮಾಡುವಾಗ ನೋಡಿ. ಗಾರ್ಡ್ ಬಿಚ್ಚುವುದು ಆಗಲೇ, ಕೈ ಒಳಗೆ ಹೋಗುವುದೂ ಆಗಲೇ. ಕಂಡ ಪ್ರತಿ ಅಪಾಯದ ಮುಂದೆ ಏನು ಮಾಡಬೇಕು, ಯಾರು, ಯಾವ ತಾರೀಖಿನೊಳಗೆ ಎಂದು ಬರೆಯಿರಿ.

ಪರಿಹಾರಕ್ಕೂ ಒಂದು ಕ್ರಮವಿದೆ. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದೆಯೇ ನೋಡಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ. ಆಮೇಲೆ ಗಾರ್ಡ್, ಎಕ್ಸಾಸ್ಟ್‌ನಂಥ ಯಾಂತ್ರಿಕ ತಡೆ. ನಂತರ ನಿಯಮ, ತರಬೇತಿ. ಹೆಲ್ಮೆಟ್, ಗ್ಲೌಸ್, ಮಾಸ್ಕ್ ಎಲ್ಲಕ್ಕಿಂತ ಕೊನೆಗೆ. ಬಹಳ ಕಡೆ ಇದನ್ನು ತಲೆಕೆಳಗು ಮಾಡುತ್ತಾರೆ, ಏಕೆಂದರೆ ಗ್ಲೌಸ್ ಅಗ್ಗ. ಸದ್ದಿನ ವಿಷಯವನ್ನೇ ತೆಗೆದುಕೊಳ್ಳಿ: 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಎಂಬುದು ಬಳಕೆಯಲ್ಲಿರುವ ಒಂದು ಮಿತಿ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಸವೆದ ಬೇರಿಂಗ್ ಬದಲಿಸಿದರೆ ಅಲ್ಲಿರುವ ಎಲ್ಲರ ಕಿವಿಯೂ ಉಳಿಯುತ್ತದೆ. ಇಯರ್‌ಪ್ಲಗ್ ಕಾಯುವುದು ಅದನ್ನು ಸರಿಯಾಗಿ ಒಳಗೆ ಕೂರಿಸಿಕೊಂಡವರನ್ನು ಮಾತ್ರ.

ಇಬ್ಬರ ಪಾಲೂ ಒಟ್ಟಿಗೆ ಪರೀಕ್ಷೆಗೆ ಬೀಳುವುದು ರಿಪೇರಿಗೆ ಮೆಷಿನ್ ನಿಲ್ಲಿಸುವಾಗ. ಬೀಗ, ಟ್ಯಾಗ್, ಮೆಷಿನ್ನಿಗೊಂದು ಲಿಖಿತ ವಿಧಾನ ಇವನ್ನು ಕೊಡುವುದು ಮಾಲೀಕರು. ಕೆಳಗಿನ ಕ್ರಮದಲ್ಲಿ ಒಂದನ್ನೂ ಬಿಡದೆ ಮಾಡುವುದು ರಿಪೇರಿಗೆ ಇಳಿಯುವವರು.

1. ಆ ಮೆಷಿನ್ ಬಳಸುವ ಎಲ್ಲರಿಗೂ ಹೇಳಿ, ಮಾಮೂಲಿನಂತೆ ನಿಲ್ಲಿಸಿ.
2. ಮೇನ್ ಸ್ವಿಚ್ ಆಫ್ ಮಾಡಿ. ಗಾಳಿ, ಹಬೆ, ಎಣ್ಣೆಯ ಲೈನ್‌ಗಳಿದ್ದರೆ ವಾಲ್ವ್ ಮುಚ್ಚಿ. ಸ್ಟಾಪ್ ಬಟನ್ ಒತ್ತಿದರೆ ಸಾಲದು, ಒಳಗೆ ಕರೆಂಟ್ ಇದ್ದೇ ಇರುತ್ತದೆ.
3. ಕೆಲಸ ಮಾಡುವ ಪ್ರತಿಯೊಬ್ಬರೂ ಆ ಸ್ವಿಚ್, ವಾಲ್ವ್‌ಗಳಿಗೆ ತಮ್ಮದೇ ಬೀಗ ಹಾಕಿ, ಹೆಸರಿನ ಟ್ಯಾಗ್ ಕಟ್ಟಿ, ಕೀಲಿಕೈ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು.
4. ಒಳಗೆ ಉಳಿದ ಶಕ್ತಿಯನ್ನು ಖಾಲಿ ಮಾಡಿ: ಗಾಳಿಯ ಒತ್ತಡ ಬಿಡಿ, ಮೇಲೆತ್ತಿದ ಭಾಗವನ್ನು ಕೆಳಗಿಳಿಸಿ ಇಲ್ಲವೇ ಊರೆ ಕೊಡಿ, ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರ್ ಡಿಸ್ಚಾರ್ಜ್ ಮಾಡಿ, ತಿರುಗುವ ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ.
5. ಹತ್ತಿರ ಯಾರೂ ಇಲ್ಲ ಎಂದು ಖಚಿತಪಡಿಸಿಕೊಂಡು ಸ್ಟಾರ್ಟ್ ಬಟನ್ ಒತ್ತಿ ನೋಡಿ. ಓಡದಿದ್ದರೆ ಬಟನ್ನನ್ನು ಮತ್ತೆ ಆಫ್‌ಗೆ ತನ್ನಿ.

ಐದನೆಯದನ್ನು ಬಿಡುವವರೇ ಹೆಚ್ಚು. ಪಕ್ಕದ ಮೆಷಿನ್ನಿನ ಸ್ವಿಚ್ಚಿಗೆ ಬೀಗ ಹಾಕಿದ್ದರೆ ಅದು ಗೊತ್ತಾಗುವುದು ಅಲ್ಲಿಯೇ. ಇನ್ನೊಂದು ತೊಡಕು ಶಿಫ್ಟ್ ಬದಲಾಗುವಾಗ ಬರುತ್ತದೆ: ಬರುವವರು ತಮ್ಮ ಬೀಗ ಹಾಕಿದ ಮೇಲೆಯೇ ಹೋಗುವವರು ತಮ್ಮದನ್ನು ತೆಗೆಯಬೇಕು. ಯಾರದೋ ಬೀಗ ಅಡ್ಡಿಯಾಯಿತೆಂದು ಸೂಪರ್‌ವೈಸರ್ ಅವಸರಕ್ಕೆ ಕತ್ತರಿಸಿದರೆ ಒಳಗಿರುವವರ ಜೀವವನ್ನೇ ಪಣಕ್ಕಿಟ್ಟಂತೆ.

ಕೊಟ್ಟ ಸಲಕರಣೆ ಬಳಸುವುದು ಕೆಲಸಗಾರರ ಕರ್ತವ್ಯ, ಆದರೆ ಸರಿಯಾದ ಕಡೆ. ಲೇತ್, ಡ್ರಿಲ್ಲಿಂಗ್ ಮೆಷಿನ್ ಮುಂದೆ ಗ್ಲೌಸ್ ಹಾಕಬೇಡಿ. ತಿರುಗುವ ಭಾಗ ಬಟ್ಟೆಯನ್ನು ಹಿಡಿದು ಕೈಯನ್ನೂ ಎಳೆದುಕೊಳ್ಳುತ್ತದೆ. ಗೋಡೆಗೆ ಒರಗಿಸುವ ಏಣಿಯ ಬುಡ, 4 ಮೀಟರ್ ಎತ್ತರಕ್ಕೆ 1 ಮೀಟರ್ ಲೆಕ್ಕದಲ್ಲಿ ಗೋಡೆಯಿಂದ ದೂರವಿರಲಿ.

ಟ್ಯಾಂಕ್, ಮ್ಯಾನ್‌ಹೋಲ್, ಆಳದ ಗುಂಡಿಗೆ ಇಳಿಯುವ ಮುನ್ನ ಹೊರಗಿನಿಂದಲೇ ಅನಿಲ ಅಳೆಯುವ ಮೀಟರ್ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಗಾಳಿ ಪರೀಕ್ಷಿಸಬೇಕು. ಆಮ್ಲಜನಕ ಶೇ 19.5ರಿಂದ 23.5ರ ನಡುವೆ ಇರಬೇಕು, ವಿಷಾನಿಲ, ಉರಿಯುವ ಅನಿಲಗಳನ್ನೂ ನೋಡಬೇಕು. ಮೂಗನ್ನು ನಂಬಬೇಡಿ: ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ, ವಾಸನೆ ಹೋಯಿತೆಂದು ಜನ ಧೈರ್ಯ ಮಾಡುತ್ತಾರೆ. ಒಳಗೆ ಕುಸಿದವರನ್ನು ಎತ್ತಲು ಬರಿಗೈಲಿ ಇಳಿದವರೂ ಸಾಯುತ್ತಾರೆ. ಹಗ್ಗ, ಎತ್ತುವ ಟ್ರೈಪಾಡ್, ಮೇಲೆ ಕದಲದೆ ಕಾಯುವ ಒಬ್ಬರು ಇವಿಷ್ಟೂ ಇಲ್ಲದಿದ್ದರೆ ಇಳಿಯಲು ಒಪ್ಪಬೇಡಿ. ಮಾಲೀಕರೂ ಇಳಿ ಎನ್ನಬಾರದು.

ಗಾಯವಾಗದೆ ತಪ್ಪಿಹೋದ ಘಟನೆಗಳನ್ನೂ ಅದೇ ದಿನ ಬರೆದುಕೊಡಿ: ಸ್ಥಳ, ಸಮಯ, ಮೆಷಿನ್ ನಂಬರ್, ಏನಾಯಿತು, ಸದ್ಯಕ್ಕೆ ಏನು ಮಾಡಿದ್ದೀರಿ. ‘ಅಜಾಗರೂಕತೆ’ ಎಂದು ಬರೆದು ಮುಗಿಸುವ ಮಾಲೀಕರಿಗೆ ಮುಂದಿನ ಸಲ ವರದಿಯೇ ಬರುವುದಿಲ್ಲ. ವರದಿ ಕೊಟ್ಟವರಿಗೆ ಏನು ಸರಿಮಾಡಿದಿರಿ, ಆಗದಿದ್ದರೆ ಏಕೆ ಎಂದು ಲಿಖಿತವಾಗಿ ತಿಳಿಸಿ, ಅದರ ಪ್ರತಿಯನ್ನು ಆ ಮೆಷಿನ್ನಿನ ಹತ್ತಿರವೇ ಅಂಟಿಸಿ.