ಅಮೆರಿಕದ ಸ್ಟೇಟ್ ಮೆಡಿಕಲ್ ಸ್ಕೂಲು ಮತ್ತು ರೆಸಿಡೆನ್ಸಿ: ಹೆಸರು ನೋಡುವ ಮೊದಲು ಸೀಟು ನೋಡಿ

ಪ್ರತಿ ವರ್ಷ ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ 'ಮ್ಯಾಚ್' ಫಲಿತಾಂಶ, ಅಂದರೆ ಯಾವ ವೈದ್ಯರಿಗೆ ಯಾವ ಆಸ್ಪತ್ರೆಯ ರೆಸಿಡೆನ್ಸಿ (ಸ್ನಾತಕೋತ್ತರ ತರಬೇತಿ) ಸೀಟು ಎಂಬ ರಾಷ್ಟ್ರಮಟ್ಟದ ಹಂಚಿಕೆಯ ಫಲಿತಾಂಶ, ಹೊರಬಿದ್ದಾಗ ನಮ್ಮ ಕನ್ನಡ ಬಳಗಗಳಲ್ಲಿ ಅಭಿನಂದನೆಗಳು ಹರಿದಾಡುತ್ತವೆ. 'ಇಂಥ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸರ್ಜರಿ ಸಿಕ್ಕಿತು' ಎಂದು ಕೇಳಿ ಸಂತೋಷಪಡುವ ಬಹಳ ಜನರಿಗೆ, ಕೆಲವೊಮ್ಮೆ ಸೀಟು ಪಡೆದವರಿಗೇ, ಅದು ಐದು ವರ್ಷದ ಸೀಟೋ ಒಂದೇ ವರ್ಷದ ಸೀಟೋ ಎಂಬುದು ಸ್ಪಷ್ಟವಾಗಿರುವುದಿಲ್ಲ. ಪರೀಕ್ಷೆ, ಅರ್ಜಿ, ಇಂಟರ್‌ವ್ಯೂಗಳ ಬಗ್ಗೆ ಎಲ್ಲರೂ ಓದಿಕೊಂಡೇ ಬರುತ್ತಾರಾದ್ದರಿಂದ ಅವನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಯೂನಿವರ್ಸಿಟಿಯ ಹೆಸರಿಗೆ ಮನಸೋತು ಸೀಟಿನ ಸ್ವರೂಪವನ್ನು ವಿಚಾರಿಸದೆ ಬಿಡುವ ತಪ್ಪು ಮಾತ್ರ ನಮ್ಮ ತಲೆಮಾರಿನಿಂದ ಇಂದಿನವರೆಗೂ ಹಾಗೆಯೇ ಮುಂದುವರಿದಿದೆ.

ಕರ್ನಾಟಕದಲ್ಲಿ ಕೌನ್ಸೆಲಿಂಗ್ ಮೂಲಕ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಎಂ.ಎಸ್. ಸೀಟು ಸಿಕ್ಕಿತೆಂದರೆ ಅದು ಮೂರು ವರ್ಷದ ಸೀಟು. ಆ ವ್ಯವಸ್ಥೆಯಿಂದ ಬಂದವರಿಗೆ ಒಂದೇ ಆಸ್ಪತ್ರೆಯ ಒಂದೇ ವಿಭಾಗದಲ್ಲಿ ಎರಡು ಬಗೆಯ ಇಂಟರ್ನ್‌ಗಳು (ಮೊದಲ ವರ್ಷದ ರೆಸಿಡೆಂಟುಗಳು) ಅಕ್ಕಪಕ್ಕದಲ್ಲೇ ದುಡಿಯುತ್ತಾರೆಂಬ ಕಲ್ಪನೆಯೇ ಬರುವುದಿಲ್ಲ. ಅವರಲ್ಲಿ ಕೆಟಗಾರಿಕಲ್ ಸೀಟಿನವರು ತರಬೇತಿ ಮುಗಿಯುವ ತನಕ ಅಲ್ಲೇ ಇರುತ್ತಾರೆ: ಇಂಟರ್ನಲ್ ಮೆಡಿಸಿನ್ನಿನಲ್ಲಿ 3 ವರ್ಷ, ಜನರಲ್ ಸರ್ಜರಿಯಲ್ಲಿ 5 ವರ್ಷ. ಪ್ರಿಲಿಮಿನರಿ ಸೀಟಿನವರು, ಅಂದರೆ ಎಲ್ಲರ ಬಾಯಲ್ಲಿ 'ಪ್ರಿಲಿಮ್' ಆಗಿರುವವರು, ಅದೇ ನೈಟ್ ಡ್ಯೂಟಿ ಮಾಡಿ, ಅದೇ ಸಂಬಳ ಪಡೆದು, ಜೂನ್ ಕೊನೆಗೆ ಹೊರಗೆ ನಿಲ್ಲುತ್ತಾರೆ. ರೇಡಿಯಾಲಜಿ, ಡರ್ಮಟಾಲಜಿಯಂಥ ವಿಭಾಗಗಳಲ್ಲಿ ಎರಡನೆಯ ವರ್ಷದಿಂದ ಆರಂಭವಾಗುವ ಅಡ್ವಾನ್ಸ್ಡ್ ಸೀಟನ್ನು ಮೊದಲೇ ಪಡೆದುಕೊಂಡವರಿಗೆ ಈ ಒಂದು ವರ್ಷ ಒಂದು ಮೆಟ್ಟಿಲು ಮಾತ್ರ. ಮುಂದಿನ ಸೀಟು ಕೈಯಲ್ಲಿಲ್ಲದೆ ಪ್ರಿಲಿಮ್ ಸೇರಿದವರಿಗೆ ಆ ಮೆಟ್ಟಿಲಿನ ಮೇಲೆ ಬೇರೇನೂ ಇರುವುದಿಲ್ಲ.

ನಾನು ಬಲ್ಲ ಒಬ್ಬ ಯುವ ವೈದ್ಯೆಗೆ ಹೆಸರಾಂತ ಯೂನಿವರ್ಸಿಟಿಯೊಂದರಲ್ಲಿ ಇಂಥ ಸರ್ಜರಿ ಪ್ರಿಲಿಮ್ ಸಿಕ್ಕಿತು. 'ಚೆನ್ನಾಗಿ ಕೆಲಸ ಮಾಡಿದರೆ ಮುಂದೆ ನೋಡೋಣ' ಎಂದು ಇಂಟರ್‌ವ್ಯೂನಲ್ಲಿ ಹೇಳಿದ್ದನ್ನು ಅವರು ಭರವಸೆಯೆಂದೇ ಭಾವಿಸಿದರು. ತರಬೇತಿ ಆರಂಭವಾಗುವುದು ಜುಲೈ ಹೊತ್ತಿಗೆ, ಮರುವರ್ಷದ ಮ್ಯಾಚ್‌ಗೆ ಅರ್ಜಿ ಹಾಕಬೇಕಾದದ್ದು ಸೆಪ್ಟೆಂಬರಿನಲ್ಲಿ. ತಮ್ಮನ್ನು ಕಂಡು ಎರಡು ತಿಂಗಳೂ ಆಗಿರದ ಪ್ರೊಫೆಸರುಗಳಿಂದ ಶಿಫಾರಸು ಪತ್ರ ಕೇಳಬೇಕಾಯಿತು. ಇಂಟರ್‌ವ್ಯೂಗಳ ತಿಂಗಳುಗಳಲ್ಲಿ ರಜೆ ಸಿಗಲಿಲ್ಲ. ಮಾರ್ಚಿನಲ್ಲಿ ಮ್ಯಾಚ್ ಆಗಲಿಲ್ಲ, ಜೂನಿನಲ್ಲಿ ಒಪ್ಪಂದ ಮುಗಿಯಿತು, ತರಬೇತಿಗೆಂದು ಬರುವ ವಿದೇಶಿ ವೈದ್ಯರ ಜೆ-1 ವೀಸಾದವರಿಗೆ ದೇಶ ಬಿಡಲು ಕೊಡುವ 30 ದಿನಗಳಲ್ಲಿ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಅಲ್ಲಿಂದ ಮತ್ತೆ ಅರ್ಜಿ ಹಾಕಿ ಫ್ಯಾಮಿಲಿ ಮೆಡಿಸಿನ್ ಸೇರುವಷ್ಟರಲ್ಲಿ ಹೋದ ಹಣ ಮತ್ತು ಕಾಲವನ್ನು ಯಾರೂ ತುಂಬಿಕೊಡಲಿಲ್ಲ. ಆ ವಿಭಾಗದವರು ಅವರಿಗೆ ಸುಳ್ಳು ಹೇಳಿರಲಿಲ್ಲ. ವಾರ್ಡಿನಲ್ಲಿ ಕೆಲಸಕ್ಕೆ ಜನ ಬೇಕಿತ್ತು, ಆ ಸೀಟು ಇದ್ದದ್ದೇ ಅದಕ್ಕಾಗಿ.

ಇದನ್ನು ತಪ್ಪಿಸಿಕೊಳ್ಳಲು ಬೇಕಾದ ಮಾಹಿತಿ ಮುಚ್ಚಿಟ್ಟದ್ದೇನೂ ಅಲ್ಲ. ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ಪ್ರತಿ ಪ್ರೋಗ್ರಾಮಿಗೂ ಒಂದು ಕೋಡ್ ಕೊಡುತ್ತದೆ, ಆ ಅಂಕಿಗಳ ನಡುವೆ ಒಂದು ಅಕ್ಷರ ಇರುತ್ತದೆ: 'ಸಿ' ಎಂದರೆ ಕೆಟಗಾರಿಕಲ್, 'ಪಿ' ಎಂದರೆ ಪ್ರಿಲಿಮಿನರಿ, 'ಎ' ಎಂದರೆ ಅಡ್ವಾನ್ಸ್ಡ್, 'ಆರ್' ಎಂದರೆ ಈಗಾಗಲೇ ತರಬೇತಿ ಪಡೆದ ವೈದ್ಯರಿಗಾಗಿ ಮೀಸಲಿಟ್ಟದ್ದು. ರ‍್ಯಾಂಕ್ ಪಟ್ಟಿಯನ್ನು, ಅಂದರೆ ಪ್ರೋಗ್ರಾಮುಗಳನ್ನು ನಿಮ್ಮ ಇಷ್ಟದ ಕ್ರಮದಲ್ಲಿ ಬರೆದುಕೊಡುವ ಪಟ್ಟಿಯನ್ನು, ಅಂತಿಮಗೊಳಿಸುವ ಮುನ್ನ ಆ ಅಕ್ಷರವನ್ನು ಒಂದೊಂದಾಗಿ ಓದಿ. ಪಟ್ಟಿಯಲ್ಲಿ ಹಾಕಿದ ಪ್ರೋಗ್ರಾಮಿಗೆ ಮ್ಯಾಚ್ ಆದರೆ ನೀವು ಅದಕ್ಕೆ ಬದ್ಧರು, ಆಮೇಲೆ ಒಲ್ಲೆನೆನ್ನುವಂತಿಲ್ಲ. ಕಳೆದ ಐದು ವರ್ಷಗಳಲ್ಲಿ ಮುಂದಿನ ಸೀಟಿಲ್ಲದೆ ಬಂದ ಪ್ರತಿಯೊಬ್ಬ ಪ್ರಿಲಿಮ್ ಇಂಟರ್ನ್ ಆಮೇಲೆ ಎಲ್ಲಿಗೆ ಹೋದರು ಎಂದು ಪ್ರೋಗ್ರಾಮ್ ಡೈರೆಕ್ಟರನ್ನೇ ಕೇಳಿ. ತಮ್ಮ ಪ್ರಿಲಿಮ್‌ಗಳನ್ನು ನಿಜವಾಗಿ ನೋಡಿಕೊಳ್ಳುವವರಿಗೆ ಆ ಪಟ್ಟಿ ಬಾಯಿಪಾಠವಾಗಿರುತ್ತದೆ. 'ಹಲವರು ಒಳ್ಳೆಯ ಕಡೆ ಹೋಗಿದ್ದಾರೆ' ಎಂಬ ಉತ್ತರ ಬಂದರೆ ಎಚ್ಚರವಾಗಿರಿ.

ಒಂದು ವಿಭಾಗಕ್ಕೆ ಸೇರಿ ಆಮೇಲೆ ಬದಲಿಸಿದರಾಯಿತು ಎಂಬ ಲೆಕ್ಕಾಚಾರವೂ ಅಷ್ಟು ಸುಲಭವಲ್ಲ. ಜೆ-1ನಲ್ಲಿ ವಿಭಾಗ ಬದಲಿಸಲು ಒಂದೇ ಸಲ, ಅದೂ ಮೊದಲ ಎರಡು ವರ್ಷಗಳೊಳಗೆ ಅವಕಾಶ. ರೆಸಿಡೆಂಟುಗಳ ವೆಚ್ಚದ ದೊಡ್ಡ ಪಾಲನ್ನು ಆಸ್ಪತ್ರೆಗಳಿಗೆ ಕೊಡುವುದು ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ. ಮೊದಲು ಸೇರಿದ ವಿಭಾಗಕ್ಕೆ ನಿಗದಿಯಾದ ವರ್ಷಗಳು ಮುಗಿದ ಮೇಲೆ ನೇರ ತರಬೇತಿ ವೆಚ್ಚಕ್ಕೆ ಅದು ಅರ್ಧದ ಲೆಕ್ಕವನ್ನು ಮಾತ್ರ ಹಿಡಿಯುವುದರಿಂದ, ಬದಲಿಸಿಕೊಂಡು ಬರುವವರನ್ನು ತೆಗೆದುಕೊಳ್ಳಲು ಕೆಲವು ಪ್ರೋಗ್ರಾಮುಗಳು ಹಿಂಜರಿಯುತ್ತವೆ. ಮೆಡಿಕೇರ್ ಹಣ ಕೊಡುವ ಸೀಟುಗಳ ಸಂಖ್ಯೆಯನ್ನು 1997ರ ಕಾನೂನು 1996ರ ಮಟ್ಟಕ್ಕೆ ಕಟ್ಟಿಹಾಕಿತು. ಆಮೇಲೆ ಸೇರಿಸಿದ ಸೀಟುಗಳು ಅಲ್ಪ. ಹೀಗಾಗಿ ವೀಸಾ ಮೇಲಿರುವವರಿಗೆ ನನ್ನ ಸಲಹೆ ಖಚಿತ: ದೊಡ್ಡ ಹೆಸರಿನ ಪ್ರಿಲಿಮ್‌ಗಿಂತ ಸಣ್ಣ ಊರಿನ ಕೆಟಗಾರಿಕಲ್ ಸೀಟು ಮೇಲು.

ಹೆಸರಿನ ಇನ್ನೊಂದು ಗೊಂದಲವಿದೆ. ಒಂದೇ ಸ್ಟೇಟ್ ಯೂನಿವರ್ಸಿಟಿಯ ಹೆಸರಿನಲ್ಲಿ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಪ್ರೋಗ್ರಾಮುಗಳು ಇರಬಹುದು. ಯುಸಿಎಸ್ಎಫ್‌ಗೆ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಸ್ಯಾನ್ ಫ್ರಾನ್ಸಿಸ್ಕೋ ಶಾಖೆ ಅಲ್ಲ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಸ್ಯಾನ್ ಫ್ರಾನ್ಸಿಸ್ಕೋ) ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಮ್, ಫ್ರೆಸ್ನೋದಲ್ಲಿ ಪ್ರತ್ಯೇಕವಾಗಿ ಇನ್ನೊಂದು. ಫ್ರೆಸ್ನೋ ಕಡಿಮೆಯೆಂದು ಹೇಳುತ್ತಿಲ್ಲ, ನೀವು ಇರಬೇಕಾದ ಊರು ಮತ್ತು ನೋಡುವ ರೋಗಿಗಳು ಬೇರೆ. ಸ್ಟೇಟ್ ಸ್ಕೂಲುಗಳ ನಿಜವಾದ ಸಂಪತ್ತು ಅವುಗಳ ಜೊತೆಗಿರುವ ಸಾರ್ವಜನಿಕ ಆಸ್ಪತ್ರೆಗಳು: ಡಲ್ಲಾಸಿನ ಯುಟಿ ಸೌತ್‌ವೆಸ್ಟರ್ನ್‌ಗೆ ಪಾರ್ಕ್‌ಲ್ಯಾಂಡ್, ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ಗೆ ಹಾರ್ಬರ್‌ವ್ಯೂ. ವಿಕ್ಟೋರಿಯಾ ಆಸ್ಪತ್ರೆಯ ವಾರ್ಡುಗಳಲ್ಲಿ ಕಲಿತವರಿಗೆ ಅಲ್ಲಿನ ಕೆಲಸ ಹೊಸದೆನಿಸುವುದಿಲ್ಲ.

ಗುಣಮಟ್ಟವನ್ನು ತಿಳಿಯಲು ಪತ್ರಿಕೆಗಳ ರ‍್ಯಾಂಕಿಂಗ್ ನೋಡಬೇಡಿ. ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇಯ ಸಾರ್ವಜನಿಕ ಪುಟದಲ್ಲಿ ಪ್ರೋಗ್ರಾಮಿನ ಮಾನ್ಯತೆ ಮುಂದುವರಿದಿದೆಯೋ, ಎಚ್ಚರಿಕೆಯೊಡನೆ ಮುಂದುವರಿದಿದೆಯೋ, ಪ್ರೊಬೇಶನ್‌ನಲ್ಲಿದೆಯೋ ಎಂಬುದು ಸಿಗುತ್ತದೆ. ಇಂಟರ್ನಲ್ ಮೆಡಿಸಿನ್ ಬೋರ್ಡು ಪ್ರತಿ ಪ್ರೋಗ್ರಾಮಿನ ಮೂರು ವರ್ಷಗಳ ಉತ್ತೀರ್ಣ ಪ್ರಮಾಣವನ್ನು ಪ್ರಕಟಿಸುತ್ತದೆ. ವಾರಕ್ಕೆ 80 ಗಂಟೆಗಳ ಮಿತಿ, ಪ್ರತಿ ವರ್ಷ ರೆಸಿಡೆಂಟುಗಳಿಂದಲೇ ಗುಟ್ಟಾಗಿ ಪಡೆಯುವ ಅಭಿಪ್ರಾಯ ಇವುಗಳಲ್ಲಿ ಅಮೆರಿಕದ ವ್ಯವಸ್ಥೆ ನಮ್ಮದಕ್ಕಿಂತ ಬಹಳ ಮುಂದಿದೆ. ಆದರೆ ಸೇರಿದವರಿಗೆ ತರಬೇತಿ ಮುಗಿಸುವ ಖಾತ್ರಿ ಕೊಡುವುದರಲ್ಲಿ ಕರ್ನಾಟಕದ ಕೌನ್ಸೆಲಿಂಗ್ ಹೆಚ್ಚು ನ್ಯಾಯವಾದದ್ದೆಂದು ನಾನು ನಂಬುತ್ತೇನೆ.

ಇಲ್ಲಿಯೇ ಬೆಳೆದ ಮಕ್ಕಳನ್ನು ಮೆಡಿಕಲ್ ಸ್ಕೂಲಿಗೆ ಕಳಿಸುವ ತಂದೆತಾಯಿಯರಿಗೂ ಈ ವಿಷಯ ಸಂಬಂಧಿಸಿದ್ದೇ. ಸ್ಟೇಟ್ ಸ್ಕೂಲುಗಳು ತಮ್ಮ ರಾಜ್ಯದ ನಿವಾಸಿಗಳಿಗೆ ಒಲವು ತೋರುತ್ತವೆ. ಟೆಕ್ಸಸ್‌ನಲ್ಲಿ ಬಹುತೇಕ ಸ್ಟೇಟ್ ಸ್ಕೂಲುಗಳು ಹೊರರಾಜ್ಯದವರಿಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸೀಟು ಕೊಡುವಂತಿಲ್ಲ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್‌ಗೆ ಸೀಮಿತವಾದ್ದರಿಂದ ನಿವಾಸಿ ಶುಲ್ಕದ ಮಹತ್ವ ಹೆಚ್ಚಿದೆ. ತಂದೆ ಅಥವಾ ತಾಯಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಈ ಸಾಲ ಸಿಗುವುದೇ ಇಲ್ಲ, ಹಲವು ಸ್ಟೇಟ್ ಸ್ಕೂಲುಗಳು ಅವರ ಅರ್ಜಿಯನ್ನೂ ಪರಿಗಣಿಸುವುದಿಲ್ಲ.

ಸ್ಕೂಲಿನವರು ಹೆಮ್ಮೆಯಿಂದ ತೋರಿಸುವ ಮ್ಯಾಚ್ ಪ್ರಮಾಣವನ್ನು ಹಾಗೆಯೇ ಒಪ್ಪಬೇಡಿ. ಆ ಲೆಕ್ಕದಲ್ಲಿ ಪ್ರಿಲಿಮ್ ಮಾತ್ರ ಸಿಕ್ಕವರೂ, ಮ್ಯಾಚ್ ಆಗದೆ, ಉಳಿದ ಸೀಟುಗಳನ್ನು ತುಂಬಲು ಮ್ಯಾಚ್ ವಾರದಲ್ಲೇ ನಡೆಯುವ 'ಸೋಪ್' ಸುತ್ತಿನಲ್ಲಿ ಸೀಟು ಹಿಡಿದವರೂ ಸೇರಿರಬಹುದು. ಮೊದಲ ವರ್ಷಕ್ಕೆ ಎಷ್ಟು ಮಂದಿ ಸೇರಿದರು, ಅವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷಗಳಲ್ಲಿ ಮುಗಿಸಿದರು, ಸೋಪ್‌ಗೆ ಮುನ್ನ ಎಷ್ಟು ಮಂದಿಗೆ ಸಿಕ್ಕಿತು, ಮುಂದಿನ ಸೀಟಿಲ್ಲದ ಪ್ರಿಲಿಮ್‌ಗೆ ಹೋದವರೆಷ್ಟು ಎಂದು ಕೇಳಿ. ಮಗ ಅಥವಾ ಮಗಳು ಬಯಸುವ ವಿಭಾಗದ ರೆಸಿಡೆನ್ಸಿ ಆ ಸ್ಕೂಲಿನಲ್ಲೇ ಇದೆಯೇ ಎಂಬುದನ್ನೂ ವಿಚಾರಿಸಿ, ಏಕೆಂದರೆ ಇಲ್ಲದಿದ್ದರೆ ಆ ವಿಭಾಗದವರ ಪರಿಚಯವನ್ನೂ ಶಿಫಾರಸು ಪತ್ರವನ್ನೂ ಸಂಪಾದಿಸಲು ನಾಲ್ಕನೆಯ ವರ್ಷದಲ್ಲಿ ಸ್ವಂತ ಖರ್ಚಿನಲ್ಲಿ ಬೇರೆ ಊರುಗಳ ಆಸ್ಪತ್ರೆಗಳಿಗೆ ಹೋಗಿ ಕೆಲಸ ಮಾಡಬೇಕಾಗುತ್ತದೆ.