ವೆನಿಸ್‌ನಲ್ಲಿ ಒಬ್ಬಳೇ: ಹಾಸ್ಟೆಲ್ ವಾಸದ ಅನುಭವ

ವೆನಿಸ್ ನಿಮಗೆ ಎಷ್ಟು ದಕ್ಕುತ್ತದೆ ಎಂಬುದು ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದರ ಮೇಲೆ ನಿಂತಿದೆ. ಅಗ್ಗದ ಹಾಸಿಗೆ ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ಮೆಸ್ತ್ರೆಯ ಹಾಸ್ಟೆಲ್‌ಗಳು. ಮೆಸ್ತ್ರೆ ಇರುವುದು ಗಟ್ಟಿ ನೆಲದ ಮೇಲೆ, 1846ರಲ್ಲಿ ತೆರೆದ ರೈಲು ಸೇತುವೆಯ ಈಚೆ. ಹತ್ತು ಹನ್ನೆರಡು ನಿಮಿಷದ ರೈಲು ಪ್ರಯಾಣ, ಟಿಕೆಟ್ಟೂ ಅಗ್ಗ. ಆದರೂ ನಾನು ಹೆಚ್ಚು ದುಡ್ಡು ಕೊಟ್ಟು ನೀರಿನ ನಡುವೆಯೇ, ಜುದೆಕ್ಕಾ ದ್ವೀಪದ ಹಾಸ್ಟೆಲ್‌ನಲ್ಲಿ ಮಹಿಳೆಯರ ಡಾರ್ಮಿಟರಿಯ ಒಂದು ಮಂಚ ಹಿಡಿದೆ. ಬೇರೆ ಯಾವ ಖರ್ಚಿನಲ್ಲಿ ಬೇಕಾದರೂ ಕೈ ಬಿಗಿ ಹಿಡಿಯಿರಿ, ಇದೊಂದರಲ್ಲಿ ಬೇಡ.

ಕಾರಣ ಸರಳ. ಹಳೆಯ ನಗರದಲ್ಲಿ ಈಗ ಉಳಿದಿರುವ ನಿವಾಸಿಗಳು ಐವತ್ತು ಸಾವಿರಕ್ಕೂ ಕಡಿಮೆ. ಹಗಲಿನಲ್ಲಿ ಅವರ ಓಣಿಗಳನ್ನು ತುಂಬುವವರಲ್ಲಿ ಬಹುಪಾಲು ಜನ ಸಂಜೆಗೆ ರೈಲು, ಬಸ್ ಹತ್ತಿ ಹೊರಡುತ್ತಾರೆ. ಆಮೇಲೆ ಉಳಿಯುವ ಊರನ್ನು ಮೆಸ್ತ್ರೆಯಲ್ಲಿ ಮಲಗುವವರು ನೋಡುವುದು ಕಡಿಮೆ, ಕೊನೆಯ ರೈಲಿನ ಚಿಂತೆ ತಲೆಯಲ್ಲಿ ಕೊರೆಯುತ್ತಿರುತ್ತದೆ. ಜುದೆಕ್ಕಾದ ಜಿತೆಲ್ಲೆ ನಿಲ್ದಾಣಕ್ಕೆ ರಾತ್ರಿಯಿಡೀ ದೋಣಿ ಬಸ್ ಇದೆ. ಒಂಟಿ ಹೆಣ್ಣಿಗೆ ಇದು ಸಣ್ಣ ವಿಷಯವಲ್ಲ.

ನಾನು ಹೋದದ್ದು ನವೆಂಬರ್‌ನಲ್ಲಿ. ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ತಂಗುವ ಜಾಗದ ಪುರಾವೆ ಬೇಕಾದ್ದರಿಂದ, ದಂಡವಿಲ್ಲದೆ ರದ್ದು ಮಾಡಬಹುದಾದ ಬುಕಿಂಗ್ ಅನ್ನೇ ಆರಿಸಿಕೊಂಡಿದ್ದೆ. 2024ರಿಂದ ಹಗಲಿಗಷ್ಟೇ ಬಂದುಹೋಗುವವರಿಗೆ ಕೆಲವು ದಿನಗಳಲ್ಲಿ ಪ್ರವೇಶ ಶುಲ್ಕವಿದೆ. ಅದು ವಸಂತ ಮತ್ತು ಬೇಸಿಗೆಯ ಮಾತು. ರಾತ್ರಿ ತಂಗುವವರಿಗೆ ವಿನಾಯಿತಿ ಇದೆ, ಬದಲಿಗೆ ಹಾಸ್ಟೆಲ್‌ನಲ್ಲೇ ಪ್ರವಾಸಿ ತೆರಿಗೆ ಕಟ್ಟಬೇಕು. ಹಾಸಿಗೆಯ ಬೆಲೆ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಸಾಮಾನಿನ ವಿಷಯದಲ್ಲಿ ನನ್ನದು ಒಂದೇ ಹಟ: ಬೆನ್ನಿಗೆ ಏರಿಸುವ ಚೀಲ ಮಾತ್ರ. ಈ ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲುಗಳು. ಚಕ್ರದ ಸೂಟ್‌ಕೇಸನ್ನು ಪ್ರತಿ ಸೇತುವೆಯಲ್ಲೂ ಎತ್ತಿ ಇಳಿಸಬೇಕು. ಸ್ಥಳೀಯ ಕೂಲಿಗಳು ಇದಕ್ಕೆ ಕಂಡುಕೊಂಡ ಉಪಾಯವನ್ನು ನಾನು ರಿಯಾಲ್ಟೊ ಬಳಿ ಬಹಳ ಹೊತ್ತು ನಿಂತು ನೋಡಿದೆ. ಅವರ ಕೈಗಾಡಿಗೆ ಎರಡು ದೊಡ್ಡ ಚಕ್ರ, ಮುಂದುಗಡೆ ಚಾಚಿಕೊಂಡಂತೆ ಎರಡು ಪುಟ್ಟ ಚಕ್ರ. ಮೆಟ್ಟಿಲು ಬಂದಾಗ ಪುಟ್ಟ ಚಕ್ರಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ಹಿಡಿ ಎತ್ತಿ, ಮೈಭಾರವನ್ನೆಲ್ಲ ಹಾಕಿ ತಳ್ಳುತ್ತಾರೆ. ದೊಡ್ಡ ಚಕ್ರ ಏರುತ್ತದೆ. ಮತ್ತೆ ಪುಟ್ಟ ಚಕ್ರ, ಮತ್ತೆ ದೊಡ್ಡದು. ಹಾಲು, ಹಾಸಿಗೆ ಬಟ್ಟೆ, ಫ್ರಿಜ್, ಎಲ್ಲವೂ ದೋಣಿಯಿಂದ ಇಳಿದು ಹೀಗೆಯೇ ಮನೆ ಸೇರಬೇಕು. ಬೆಳಿಗ್ಗೆ ಏಳು ಗಂಟೆಗೆ ಈ ಕೆಲಸಗಾರರ ನಡುವೆ ನಡೆಯುವುದೇ ನಾನು ಆ ಊರಿನಲ್ಲಿ ಅತ್ಯಂತ ಇಷ್ಟಪಟ್ಟ ಹೊತ್ತು. ಕಸದ ದೋಣಿಯೂ ಆಗಲೇ ಬರುತ್ತದೆ. ಅದರ ಮೇಲಿನ ಕ್ರೇನ್ ಕಸದ ಗಾಡಿಯನ್ನೇ ಎತ್ತಿ ಹೊಟ್ಟೆಗೆ ಸುರಿದುಕೊಂಡು ಗಾಡಿಯನ್ನು ದಡಕ್ಕೆ ಮರಳಿಸುತ್ತದೆ.

ದೋಣಿ ಬಸ್ಸಿಗೆ ಅಲ್ಲಿ ವಪೊರೆಟ್ಟೊ ಎನ್ನುತ್ತಾರೆ. ನಾನು ಹೋದಾಗ 75 ನಿಮಿಷದ ಬಿಡಿ ಟಿಕೆಟ್ಟಿಗೆ 9.50 ಯೂರೋ, ಅಂದರೆ ದುಬಾರಿಯೇ. ಜುದೆಕ್ಕಾದಲ್ಲಿ ಇರುವವರಿಗೆ ದೋಣಿಯಿಲ್ಲದೆ ಗತಿಯಿಲ್ಲ, ಆದ್ದರಿಂದ ದಿನದ ಲೆಕ್ಕದ ಪಾಸ್ ಕೊಳ್ಳಲೇಬೇಕು. ಇಪ್ಪತ್ತೊಂಬತ್ತರೊಳಗಿನವರಿಗೆ ರಿಯಾಯಿತಿ ಕಾರ್ಡ್ ಇದೆ. ಪಾಸ್ ಕೈಯಲ್ಲಿದ್ದರೆ ಒಂದನೇ ನಂಬರಿನ ದೋಣಿಯಲ್ಲಿ ರಾತ್ರಿ ಒಂಬತ್ತರ ಮೇಲೆ ದೊಡ್ಡ ಕಾಲುವೆಯ ಉದ್ದಕ್ಕೂ ಹೋಗಿಬನ್ನಿ. ಹಗಲಿನಲ್ಲಿ ನಿಲ್ಲಲೂ ಜಾಗವಿಲ್ಲದ ಹೊರಗಿನ ಸೀಟುಗಳು ಆಗ ಖಾಲಿ.

ಗೊಂಡೊಲಾಕ್ಕೆ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ. ಅದು ಇಡೀ ದೋಣಿಯ ಬಾಡಿಗೆ, ತಲೆಗಿಷ್ಟು ಎಂದಲ್ಲ. ಐವರಿದ್ದರೆ ಹಂಚಿಕೊಳ್ಳಬಹುದು, ಒಬ್ಬರಿದ್ದರೆ ಅಷ್ಟನ್ನೂ ಒಬ್ಬರೇ ಕೊಡಬೇಕು. ನಾನು ಸಾಂತಾ ಸೋಫಿಯಾದಿಂದ ರಿಯಾಲ್ಟೊ ಸಂತೆಗೆ ಎರಡು ಯೂರೋ ಕೊಟ್ಟು ದಾಟುದೋಣಿಯಲ್ಲಿ ದೊಡ್ಡ ಕಾಲುವೆ ದಾಟಿದೆ. ಮುಂದೊಬ್ಬ ಹಿಂದೊಬ್ಬ ಹುಟ್ಟು ಹಾಕುತ್ತಾರೆ, ತರಕಾರಿ ಚೀಲ ಹಿಡಿದ ಊರಿನವರು ಪಕ್ಕದಲ್ಲಿರುತ್ತಾರೆ. ಎರಡು ನಿಮಿಷವೂ ಹಿಡಿಯದ ಆ ದಾಟುವಿಕೆ ನನಗೆ ಸಾಕಾಯಿತು. ಮೀನಿನ ಸಂತೆ ಭಾನುವಾರ, ಸೋಮವಾರ ಇರುವುದಿಲ್ಲ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಬಾಕರೊ ಎಂಬ ಪುಟ್ಟ ಅಂಗಡಿಗಳಲ್ಲಿ ನಿಂತುಕೊಂಡೇ ತಿನ್ನುವ ತುಣುಕು ತಿಂಡಿಗಳು ಸಿಗುತ್ತವೆ. ಹೆಚ್ಚಿನವು ಮೀನಿನವು. ಆದರೆ ಬದನೆ, ಪಲ್ಲೆಹೂವು (ಆರ್ಟಿಚೋಕ್), ಚೀಸ್ ಹಾಕಿದವೂ ಇರುತ್ತವೆ, ಗಾಜಿನ ಪೆಟ್ಟಿಗೆಯತ್ತ ಬೆರಳು ತೋರಿಸಿ ಕೇಳಿದರಾಯಿತು. ಹಾಸ್ಟೆಲ್‌ನಲ್ಲಿ ಅಡುಗೆಮನೆ ಇರಲಿಲ್ಲ. ಬಿಸಿನೀರು ಕೇಳಿ ಪಡೆದು, ಊರಿನಿಂದ ಒಯ್ದ ಒಗ್ಗರಣೆ ಹಾಕಿದ ಅವಲಕ್ಕಿಗೆ ಸುರಿದು ಮುಚ್ಚಿಟ್ಟರೆ ಬೆಳಗಿನ ಉಪಾಹಾರ ಮುಗಿಯಿತು. ಕುಡಿಯುವ ನೀರು ಬೀದಿಯ ನಲ್ಲಿಗಳಲ್ಲೇ ಬರುತ್ತದೆ, ಬಾಟಲಿ ಕೊಳ್ಳುವುದು ವ್ಯರ್ಥ.

ಈ ನೀರಿನ ಕಥೆ ನನ್ನನ್ನು ತುಂಬಾ ಕಾಡಿತು. ಸುತ್ತ ಉಪ್ಪುನೀರು, ಅಗೆದರೂ ಸಿಹಿನೀರಿಲ್ಲ. ಹೀಗಿರುವಾಗ ಶತಮಾನಗಳ ಕಾಲ ಅವರು ಕುಡಿದದ್ದು ಮಳೆನೀರು. ಪ್ರತಿ ಚೌಕದ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ಅದು ನೆಲದಿಂದ ಜಲ ಉಕ್ಕುವ ಬಾವಿಯಲ್ಲ. ಚೌಕದ ಅಡಿಯಲ್ಲಿ ಜೇಡಿಮಣ್ಣು ಮೆತ್ತಿದ ದೊಡ್ಡ ಗುಂಡಿ, ಅದರ ತುಂಬ ಮರಳು. ಹಾಸುಗಲ್ಲಿನ ತೂತುಗಳಿಂದ ಇಳಿದ ಮಳೆ ಮರಳಿನಲ್ಲಿ ಸೋಸಿ ನಡುವಿನ ಇಟ್ಟಿಗೆಯ ಕೊಳವೆ ಸೇರುತ್ತದೆ. 1884ರಲ್ಲಿ ಕೊಳವೆಯ ನೀರು ಬಂದ ಮೇಲೆ ಬಾವಿಗಳಿಗೆ ಮುಚ್ಚಳ ಬಿತ್ತು. ಸಂಜೆ ಮಕ್ಕಳು ಅವನ್ನೇ ಗೋಲ್ ಕಂಬ ಮಾಡಿಕೊಂಡು ಚೆಂಡಾಡುತ್ತಿದ್ದರು. ಆಮೇಲೆ ಯಾವ ಚೌಕಕ್ಕೆ ಹೋದರೂ ನಾನು ಮೊದಲು ಹುಡುಕಿದ್ದು ಆ ತೂತುಗಲ್ಲುಗಳನ್ನು.

ನವೆಂಬರ್ ಆರಿಸಿಕೊಳ್ಳಲು ಇನ್ನೊಂದು ಕಾರಣ 21ನೆಯ ತಾರೀಕಿನ ಸಲೂತೆ ಹಬ್ಬ. 1630-31ರ ಪ್ಲೇಗಿನಲ್ಲಿ ನಗರ ತತ್ತರಿಸಿದಾಗ ಹರಕೆ ಹೊತ್ತು ಕಟ್ಟಿಸಿದ ಸಲೂತೆ ಚರ್ಚಿನ ಹಬ್ಬ ಅದು. ಆ ಹಬ್ಬಕ್ಕಾಗಿ ದೊಡ್ಡ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಅಜ್ಜಿಯರು, ಮೊಮ್ಮಕ್ಕಳು, ಕೈಗೂಸು ಹೊತ್ತ ತಂದೆಯರು ಮೇಣದಬತ್ತಿ ಕೊಂಡು ಸಾಲಾಗಿ ಬರುತ್ತಾರೆ. ಬತ್ತಿಯನ್ನು ಒಳಗೆ ನಿಂತವರ ಕೈಗೆ ಕೊಟ್ಟರೆ ಅವರು ಹಚ್ಚಿ ನಿಲ್ಲಿಸುತ್ತಾರೆ. ನಾನೂ ಒಂದು ಕೊಟ್ಟೆ. ಹಾಸ್ಟೆಲ್‌ನಲ್ಲಿ ಮೇಲಿನ ಮಂಚದಲ್ಲಿದ್ದ ಪೋರ್ಚುಗೀಸ್ ಹುಡುಗಿ ಜೊತೆಗೆ ಬಂದಿದ್ದಳು. ಹಬ್ಬದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಆದರೆ ತಗ್ಗಿನ ಚೌಕಗಳಿಗೆ ನೀರು ಏರುವ ಮುನ್ಸೂಚನೆಯನ್ನು ಎಲ್ಲಿ ನೋಡಬೇಕೆಂದು ನನಗೆ ತೋರಿಸಿಕೊಟ್ಟವಳು ಅವಳು. ಸಮುದ್ರದ ಬಾಯಿಗಳಿಗೆ ಅಡ್ಡ ಏಳುವ ಮೋಸೆ ತಡೆಬಾಗಿಲುಗಳು 2020ರಿಂದ ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಆದರೂ ಸಾನ್ ಮಾರ್ಕೊದಂಥ ತಗ್ಗು ಜಾಗಕ್ಕೆ ಹೋಗುವ ಮುನ್ನ ಸೂಚನೆ ನೋಡುವುದು ಒಳ್ಳೆಯದು.

ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದ ದಿನಪ್ರವಾಸವೊಂದಿದೆ. ಲೀಡೊ ದ್ವೀಪದಿಂದ ಹನ್ನೊಂದನೇ ನಂಬರಿನ ಬಸ್ ಹಿಡಿಯಿರಿ. ಆ ಬಸ್ಸೇ ಫೆರಿ ಏರಿ ಪೆಲ್ಲೆಸ್ತ್ರೀನಾ ಎಂಬ ಉದ್ದನೆಯ ಮರಳುಪಟ್ಟಿಗೆ ದಾಟುತ್ತದೆ. ಅದರ ತುದಿಯಲ್ಲಿ ಮತ್ತೆ ದೋಣಿ, ಆಚೆ ಕ್ಯೋಜಾ. ವಿಜಯನಗರವನ್ನು 1420ರ ಸುಮಾರಿಗೆ ಕಂಡ ನಿಕೋಲೊ ಕಾಂಟಿಯ ಊರು ಅದು. ಶಾಲೆಯ ಪಾಠದಲ್ಲಿ ಓದಿದ ಹೆಸರು. ದಡದಲ್ಲಿ ಮೀನು ದೋಣಿಗಳು ಸಾಲುಗಟ್ಟಿ ನಿಂತಿರುವ, ಪ್ರವಾಸಿಗರ ನೂಕುನುಗ್ಗಲಿಲ್ಲದ ಆ ಊರಿನಿಂದ ಹೊರಟು ಒಬ್ಬ ವ್ಯಾಪಾರಿ ತುಂಗಭದ್ರೆಯ ದಡದವರೆಗೆ ಬಂದಿದ್ದ ಎಂದು ನೆನೆದಾಗ ನನಗೆ ಮೈ ಜುಮ್ಮೆಂದಿತು. ದಾರಿಗೆ ಒಂದೂವರೆ ಗಂಟೆಯಾದರೂ ಬೇಕು, ಬೆಳಿಗ್ಗೆಯೇ ಹೊರಡಿ. ಪೆಲ್ಲೆಸ್ತ್ರೀನಾದಲ್ಲಿ ಇಳಿದು, ಹದಿನೆಂಟನೇ ಶತಮಾನದ ಕಲ್ಲಿನ ಸಮುದ್ರಗೋಡೆಯ ಮೇಲೆ ಸ್ವಲ್ಪ ದೂರ ನಡೆಯಲು ಸಮಯ ಉಳಿಸಿಕೊಳ್ಳಿ, ಹಿಂತಿರುಗುವ ದೋಣಿಯ ವೇಳೆಯನ್ನು ಇಳಿಯುವಾಗಲೇ ಬರೆದುಕೊಳ್ಳಿ.