ಕೋರ್ಟಿನಲ್ಲಿ ಪಕ್ಕಕ್ಕೊಬ್ಬರು ಇರಲಿ: ಬುದ್ಧಿಮಾಂದ್ಯರ ನೆರವಿಗೆ ನಿಲ್ಲುವುದು ಹೇಗೆ?

ಬೆಳಗಾವಿಯ ಕೋರ್ಟ್ ಆವರಣಕ್ಕೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ ನೋಡಿ. ಹಾಲ್‌ಗಳ ಹೊರಗೆ ಜನ ತುಂಬಿರುತ್ತಾರೆ. ಒಳಗಿನಿಂದ ಅಟೆಂಡರ್ ಬಂದು ಹೆಸರು ಕೂಗುತ್ತಾರೆ. ಕೂಗಿದರೂ ಯಾರೂ ಬರದಿದ್ದರೆ ಗೈರು ಎಂದು ಬರೆದುಕೊಳ್ಳುತ್ತಾರೆ. ಗೈರಾದವನು ಆರೋಪಿಯಾಗಿದ್ದರೆ ವಾರಂಟ್ ಹೊರಡಬಹುದು. ಅವನು ಹತ್ತು ಮಾರು ದೂರದಲ್ಲೇ ಕೂತಿರಬಹುದು. ಆ ಗದ್ದಲದಲ್ಲಿ ಕೂಗಿದ್ದು ತನ್ನ ಹೆಸರನ್ನೇ, ಈಗ ಎದ್ದು ಒಳಗೆ ಹೋಗಬೇಕು ಎಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ.

ಹುಟ್ಟಿನಿಂದ ಬುದ್ಧಿಮಾಂದ್ಯತೆ ಇರುವವರು, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು, ಮರೆವಿನ ಕಾಯಿಲೆ ಶುರುವಾದ ಹಿರಿಯರು ಪೊಲೀಸ್ ಸ್ಟೇಷನ್ ಮತ್ತು ಕೋರ್ಟಿಗೆ ಬರುತ್ತಲೇ ಇರುತ್ತಾರೆ. ಕೆಲವರು ಆರೋಪಿಗಳು, ಕೆಲವರು ಅನ್ಯಾಯಕ್ಕೊಳಗಾದವರು, ಕೆಲವರು ಸಾಕ್ಷಿಗಳು. ಕೇಸನ್ನು ವಕೀಲರು ನೋಡಿಕೊಳ್ಳುತ್ತಾರೆ, ಸರಿ. ಆದರೆ ಮುಂಜಾನೆಯಿಂದ ಸಂಜೆವರೆಗೆ ಅವರ ಪಕ್ಕದಲ್ಲಿ ಕೂರುವವರು ಬೇಕಲ್ವಾ? ಆ ಕೆಲಸವನ್ನು ನೀವು ಮಾಡಬಹುದು. ಅದಕ್ಕೆ ಕಾನೂನು ಓದಿರಬೇಕಿಲ್ಲ.

ಇಂಗ್ಲೆಂಡಿನಲ್ಲಿ 1984ರ ಕಾಯ್ದೆಯಡಿ ಬಂದ ನಿಯಮದಂತೆ, ಇಂಥವರನ್ನು ಪೊಲೀಸರು ಪ್ರಶ್ನಿಸುವಾಗ ಪೊಲೀಸರಲ್ಲದ ಒಬ್ಬರು ಜೊತೆಗಿರಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ತರಬೇತಿ ಪಡೆದ ಸ್ವಯಂಸೇವಕರು ಸ್ಟೇಷನ್ನಿಗೂ ಕೋರ್ಟಿಗೂ ಜೊತೆ ಹೋಗುತ್ತಾರೆ. ನಮ್ಮಲ್ಲಿ ಈ ಕೆಲಸಕ್ಕೆ ಒಳ್ಳೆಯ ದಾರಿ ಎಂದರೆ ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರ.

ಮೊದಲು ಹೆಸರು ಕೊಡಿ

ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಿಂದ ಅರೆ ಕಾನೂನು ಸ್ವಯಂಸೇವಕರ ಯೋಜನೆ ನಡೆಸುತ್ತಿದೆ. ಪಿಎಲ್‌ವಿ ಎಂದರೆ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಒಳ್ಳೆಯದು. ಶಿಕ್ಷಕರು, ನಿವೃತ್ತರು, ಅಂಗನವಾಡಿ ಕಾರ್ಯಕರ್ತೆಯರು, ಸಮಾಜಕಾರ್ಯ ಓದುವ ಹುಡುಗ ಹುಡುಗಿಯರು ಸೇರಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಜಿಲ್ಲಾ ಪ್ರಾಧಿಕಾರ ಇದೆ. ಅಥಣಿ, ಗೋಕಾಕ, ಜಮಖಂಡಿ, ಇಂಡಿ ಕಡೆಯವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಕೇಳಿ. ಸಹಾಯವಾಣಿ ಸಂಖ್ಯೆ 15100.

ಸುಮ್ನೆ ಹೆಸರು ಕೊಟ್ಟು ಬರಬೇಡಿ. "ಬುದ್ಧಿಮಾಂದ್ಯರ ಕೇಸಿನಲ್ಲಿ ಜೊತೆಗಿರುವ ಕೆಲಸ ಕೊಡಿ" ಎಂದು ಬಾಯಿಬಿಟ್ಟು ಹೇಳಿ. ಇವರಿಗೆಂದೇ ಪ್ರಾಧಿಕಾರದ ಪ್ರತ್ಯೇಕ ಯೋಜನೆ 2015ರಲ್ಲಿ ಬಂದಿತ್ತು, 2024ರಲ್ಲಿ ಹೊಸದಾಗಿ ಬಂದಿದೆ. ತರಬೇತಿ ಮತ್ತು ಗುರುತಿನ ಚೀಟಿ ಸಿಕ್ಕ ಮೇಲೆಯೇ ಕೆಲಸ ಶುರು ಮಾಡಿ. ಚೀಟಿ ಇಲ್ಲದೆ ಸ್ಟೇಷನ್ನಿಗೆ ಹೋದರೆ "ನೀವ್ಯಾರ್ರಿ?" ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಮಾತಾಡುವುದನ್ನು ಕಲಿಯಿರಿ

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಉಳಿದದ್ದನ್ನು ಒಂದೆರಡು ತಿಂಗಳಲ್ಲಿ ಕಲಿಯಬಹುದು. ಇದಕ್ಕೆ ತಾಳ್ಮೆ ಬೇಕು. ಈ ಮಾತುಕತೆ ನೋಡಿ:

"ಸೈಕಲ್ ನೀನ ಒಯ್ದಿ ಏನಪಾ?"
"ಹೌದ್ರಿ."
"ಅಲ್ಲಾ, ಬ್ಯಾರೆ ಯಾರರೆ ಒಯ್ದಾರೇನು?"
"ಹೌದ್ರಿ."

ಹುಡುಗ ಸುಳ್ಳು ಹೇಳುತ್ತಿಲ್ಲ. ಪ್ರಶ್ನೆ ಅರ್ಥವಾಗಿಲ್ಲ ಅಷ್ಟೇ. ಎದುರಿಗಿರುವ ದೊಡ್ಡವರಿಗೆ ಸಿಟ್ಟು ಬರಬಾರದು, ಬೇಗ ಮನೆಗೆ ಹೋಗಬೇಕು ಎಂಬುದೊಂದೇ ಅವನ ತಲೆಯಲ್ಲಿದೆ. ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದವರು ಒಪ್ಪಿಕೊಂಡರೆ ಬೈಗುಳ ನಿಲ್ಲುತ್ತದೆ ಎಂದು ಕಲಿತಿರುತ್ತಾರೆ. ಇಂಥ ಉತ್ತರ ಹಾಗೇ ಕಾಗದಕ್ಕೆ ಇಳಿದರೆ ಅವನ ಪೂರ್ತಿ ಬದುಕೇ ಅಡಿಮೇಲಾದೀತು.

ಹಾಗಾಗಿ ಹೌದು-ಅಲ್ಲ ಎಂಬ ಉತ್ತರ ಬರುವ ಪ್ರಶ್ನೆ ಬಿಡಿ. "ಅವತ್ತು ಮುಂಜಾನೆ ಎದ್ದು ಏನು ಮಾಡಿದೆ?" ಎಂದು ಕೇಳಿ. ಒಂದು ಸಲಕ್ಕೆ ಒಂದೇ ಮಾತು. ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಅರ್ಧ ನಿಮಿಷದ ಮೌನ ನಮಗೆ ಬಹಳ ಅನ್ನಿಸುತ್ತದೆ, ಅವರಿಗೆ ಅಷ್ಟು ಹೊತ್ತು ಬೇಕೇ ಬೇಕು. ಗಡಿಯಾರದ ಲೆಕ್ಕ ಎಲ್ಲರಿಗೂ ಬರುವುದಿಲ್ಲ. "ಎಷ್ಟು ಗಂಟೆಗೆ?" ಎನ್ನುವ ಬದಲು "ಊಟಕ್ಕೆ ಮೊದಲೋ ಆಮೇಲೋ?", "ಸಂತೆ ದಿನವೋ?" ಎನ್ನಿ. ನೀವು ಹೇಳಿದ್ದು ಅರ್ಥವಾಯಿತೇ ಎಂದು ಕೇಳಿದರೆ ಮತ್ತೆ "ಹೌದ್ರಿ" ಬರುತ್ತದೆ. ಅದರ ಬದಲು "ನಾನೇನು ಹೇಳಿದೆ, ನಿನ್ನ ಮಾತಿನಲ್ಲಿ ಹೇಳು" ಎನ್ನಿ. ಹೇಳಲು ಆಗದಿದ್ದರೆ ಇನ್ನೂ ಸುಲಭ ಮಾಡಿ ಹೇಳಿ.

ಮನೆಯಲ್ಲಿ ಯಾವ ಮಾತು ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿ. ನಿಪ್ಪಾಣಿ, ಖಾನಾಪುರದ ಕಡೆ ಮನೆಮಾತು ಮರಾಠಿ ಇರಬಹುದು, ವಿಜಯಪುರದ ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಕನ್ನಡದಲ್ಲಿ ಕೇಳಿದ್ದಕ್ಕೆ ಸುಮ್ಮನಿದ್ದವರು ಮನೆಮಾತಿನಲ್ಲಿ ಕೇಳಿದರೆ ಬಿಡಿಸಿ ಹೇಳಬಹುದು. ಇನ್ನೊಂದು ಮಾತು: ಮೂವತ್ತು ವರ್ಷದವರನ್ನು ಮಗುವಿನಂತೆ ಮುದ್ದು ಮಾಡಿ ಮಾತಾಡಿಸಬೇಡಿ. ಅವರೊಂದಿಗೆ ಮಾತಾಡಿ, ಪಕ್ಕದಲ್ಲಿರುವ ಅಣ್ಣನೊಂದಿಗೆ ಅಲ್ಲ.

ಸ್ಟೇಷನ್ನಿನಲ್ಲಿ ಗೊತ್ತಿರಬೇಕಾದ್ದು

ಬಂಧನವಾಗಿದ್ದರೆ ಮೊದಲ ಫೋನು ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಅಂಗವೈಕಲ್ಯ ಇರುವವರಿಗೆ ವಕೀಲರ ನೆರವು ಉಚಿತ. ಆದಾಯ ಎಷ್ಟೇ ಇರಲಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದು ಎಲ್ಲರಿಗೂ ಇರುವ ಹಕ್ಕು.

ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 179ನೇ ಕಲಂ ಪ್ರಕಾರ, ಸಾಕ್ಷಿ ಹೇಳಬೇಕಾದವರಿಗೆ ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇದ್ದರೆ ಸ್ಟೇಷನ್ನಿಗೆ ಬರಲೇಬೇಕು ಎನ್ನುವಂತಿಲ್ಲ. ಪೊಲೀಸರೇ ಅವರ ಮನೆಗೆ ಹೋಗಬೇಕು. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳುವಂತಿಲ್ಲ ಎಂದು 181ನೇ ಕಲಂ ಹೇಳುತ್ತದೆ. ಪೊಲೀಸರ ಮುಂದೆ ಒಪ್ಪಿಕೊಂಡ ತಪ್ಪನ್ನು ಆರೋಪಿಯ ವಿರುದ್ಧ ಸಾಬೀತು ಮಾಡಲು ಬಳಸುವಂತಿಲ್ಲ. ಇವನ್ನೆಲ್ಲ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಮೆತ್ತಗೆ ನೆನಪಿಸಿ, ವಕೀಲರಿಗೆ ತಿಳಿಸಿ. "ಸಾಹೇಬ್ರ, ಇವರಿಗೆ ತಿಳಿವಳಿಕೆ ಕಮ್ಮಿ ಐತಿ, ವಕೀಲರು ಬರೂತನಕ ತಡೀರಿ" ಎಂದರೆ ಕೇಳುವ ಅಧಿಕಾರಿಗಳು ಖಂಡಿತ ಇದ್ದಾರೆ.

ಲೈಂಗಿಕ ದೌರ್ಜನ್ಯಕ್ಕೊಳಗಾದ ಬುದ್ಧಿಮಾಂದ್ಯ ಮಹಿಳೆಯ ದೂರನ್ನು ಅವಳ ಮನೆಯಲ್ಲೋ ಅವಳಿಗೆ ಅನುಕೂಲವಾದ ಜಾಗದಲ್ಲೋ ಬರೆದುಕೊಳ್ಳಬೇಕು. ದುಭಾಷಿ ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು, ವಿಡಿಯೊ ಆಗಬೇಕು. ಇದು 173ನೇ ಕಲಂ. ವಯಸ್ಸಿಗೆ ಬಂದ ಮಹಿಳೆಯ ಬುದ್ಧಿ ಮಗುವಿನಷ್ಟೇ ಇದ್ದರೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಅವಳಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಾಗಾಗಿ ಈ 173ನೇ ಕಲಂ ಅವಳ ಪಾಲಿಗೆ ಬಹಳ ದೊಡ್ಡದು. "ಅವಳಿಗೇನು ಗೊತ್ತಾಗುತ್ತದೆ, ಸಾಕ್ಷಿ ನಡೆಯುವುದಿಲ್ಲ" ಎಂದು ಊರಿನವರು ಹೇಳಿದರೆ ನಂಬಬೇಡಿ. ಪ್ರಶ್ನೆ ತಿಳಿದು, ತಿಳಿಯುವಂತೆ ಉತ್ತರ ಕೊಡುವ ಯಾರ ಸಾಕ್ಷಿಯನ್ನೂ ಕೋರ್ಟ್ ಕೇಳಬಹುದು.

ಕಾಗದಪತ್ರ ಹುಡುಕಿಕೊಡಿ

ಅಂಗವೈಕಲ್ಯದ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಇದ್ದರೆ ವಕೀಲರಿಗೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ಶಾಲೆಯ ದಾಖಲೆ, ಮಾಸಾಶನದ ಆದೇಶ, ಆಸ್ಪತ್ರೆಯ ಹಳೆಯ ಚೀಟಿ ಹುಡುಕಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಎಂದಾದರೂ ತೋರಿಸಿದ್ದರೇ ಎಂದು ಮನೆಯವರನ್ನು ಕೇಳಿ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ (ವಿಆರ್‌ಡಬ್ಲ್ಯು) ಊರಿನ ಅಂಗವಿಕಲರ ಮಾಹಿತಿ ಇರುತ್ತದೆ. ಕಬ್ಬು ಕಡಿಯಲು ಊರೂರು ತಿರುಗುವ ಮನೆಗಳಲ್ಲಿ ಕಾಗದ ಸಿಗುವುದು ಕಷ್ಟ. ಆಗ ಹಳೆಯ ಮಾಸ್ತರರನ್ನೋ ಅಂಗನವಾಡಿ ಅಕ್ಕನನ್ನೋ ಹುಡುಕಿ, ಅವರು ಸಿಕ್ಕರೆ ವಕೀಲರಿಗೆ ತಿಳಿಸಿ.

ಇದನ್ನು ತಡಮಾಡಬೇಡಿ. ಆರೋಪಿಗೆ ವಿಚಾರಣೆಯೇ ಅರ್ಥವಾಗುತ್ತಿಲ್ಲ ಎಂದಾದರೆ ವೈದ್ಯರಿಂದ ತಪಾಸಣೆ ಮಾಡಿಸುವ ದಾರಿ ಅದೇ ಸುರಕ್ಷಾ ಸಂಹಿತೆಯ 367ನೇ ಕಲಂನಲ್ಲಿದೆ. ಯಾರೂ ಹೇಳದಿದ್ದರೆ ಕೋರ್ಟಿನ ಗಮನಕ್ಕೆ ಬರದೆಯೂ ಹೋಗಬಹುದು. ನೋಡಲು ಎಲ್ಲರಂತೆಯೇ ಇರುತ್ತಾರಲ್ಲ.

ತಾರೀಖಿನ ದಿನ

ಕೇಸಿನ 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ಸಿಗುತ್ತದೆ. ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಅವರ ಕೈಯಿಂದಲೇ ಕೆಂಪು ಸುತ್ತು ಹಾಕಿಸಿ. ಹಿಂದಿನ ಸಂಜೆ ಫೋನ್ ಮಾಡಿ.

ಆಗುವುದಾದರೆ ಒಂದು ದಿನ ಮೊದಲೇ ಕರೆದುಕೊಂಡು ಹೋಗಿ ಜಾಗ ತೋರಿಸಿ. ನ್ಯಾಯಾಧೀಶರು ಎಲ್ಲಿ ಕೂರುತ್ತಾರೆ, ನೀನು ಎಲ್ಲಿ ನಿಲ್ಲಬೇಕು, ಕರಿ ಕೋಟಿನವರು ಯಾರು ಎಂದು ಹೇಳಿಕೊಡಿ. ತಾರೀಖಿನ ದಿನ ಬುತ್ತಿ, ನೀರು, ಮಾತ್ರೆ ಜೊತೆಗಿರಲಿ. ಹಸಿದವರು, ದಣಿದವರು ಏನು ಕೇಳಿದರೂ ತಲೆಯಾಡಿಸುತ್ತಾರೆ. ಮಧ್ಯೆ ಬಿಡುವು ಬೇಕೆನಿಸಿದರೆ ವಕೀಲರ ಕಿವಿಗೆ ಹಾಕಿ. ಅವರು ನ್ಯಾಯಾಧೀಶರನ್ನು ಕೇಳುತ್ತಾರೆ. ಸಣ್ಣ ಕೇಸುಗಳಲ್ಲಿ "ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು, ಇವತ್ತೇ ಮುಗಿಯುತ್ತದೆ" ಎಂದು ಯಾರಾದರೂ ಹೇಳಿಯಾರು. ಒಪ್ಪಿಕೊಂಡರೆ ಅಪರಾಧಿ ಎಂದು ದಾಖಲೆಯಲ್ಲಿ ಉಳಿಯುತ್ತದೆ ಎಂಬುದು ಇವರಿಗೆ ಅರ್ಥವಾಗಿದೆಯೇ ಎಂದು ವಕೀಲರು ನೋಡಲೇಬೇಕು. ಅಲ್ಲಿ ನೀವು ಸುಮ್ಮನಿರಬೇಡಿ.

ಯಾವುದನ್ನು ಮಾಡಬಾರದು

"ನೀನು ಮಾಡಿದ್ದು ನಿಜವಾ?" ಎಂದು ಎಂದೂ ಕೇಳಬೇಡಿ. ವಕೀಲರಿಗೆ ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ, ನಿಮಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ. ನಾಳೆ ನಿಮ್ಮನ್ನೇ ಸಾಕ್ಷಿಗೆ ಕರೆಯಬಹುದು. ಅವರಾಗಿ ಹೇಳತೊಡಗಿದರೂ ತಡೆದು, "ಇದನ್ನು ವಕೀಲರ ಮುಂದೆ ಹೇಳೋಣ" ಎನ್ನಿ. ಉತ್ತರ ಬಾಯಿಗೆ ಹಾಕಬೇಡಿ, ಕಾನೂನು ಸಲಹೆ ಕೊಡಬೇಡಿ, ದುಡ್ಡು ಮುಟ್ಟಬೇಡಿ. ಎದುರು ಪಾರ್ಟಿ ನಿಮ್ಮ ಪರಿಚಯದವರಾಗಿದ್ದರೆ ಆ ಕೇಸು ಬೇರೆಯವರಿಗೆ ಬಿಟ್ಟುಕೊಡಿ. ಹಳ್ಳಿಯಲ್ಲಿ ಇದು ಜಾಸ್ತಿ ಆಗುತ್ತದೆ.

ಜಾಮೀನು ಸಿಕ್ಕಿದರೂ ಜಾಮೀನುದಾರ ಸಿಗದೆ ಹಿಂಡಲಗಾ ಜೈಲಿನಲ್ಲೋ ವಿಜಯಪುರದ ದರ್ಗಾ ಜೈಲಿನಲ್ಲೋ ಉಳಿದುಬಿಡುವವರೂ ಇರಬಹುದು. ಜಮೀನಿನ ಉತಾರ ಕೊಟ್ಟು ನಿಲ್ಲುವ ನೆಂಟರು ಯಾರೂ ಇಲ್ಲದಿದ್ದರೆ ನೀವು ಜಾಮೀನು ನಿಲ್ಲಬೇಡಿ. ಪ್ರಾಧಿಕಾರಕ್ಕೆ ತಿಳಿಸಿ. ಷರತ್ತು ಸಡಿಲಿಸಿ ಎಂದು ವಕೀಲರು ಅರ್ಜಿ ಹಾಕಬಹುದು.

ಕೇಸು ಮುಗಿದ ಮೇಲೆ

ತೀರ್ಪು ಏನಾಯಿತೆಂದು ಕೂರಿಸಿ ಹೇಳಿ. ಬಿಡುಗಡೆಯಾಗಿದ್ದರೂ ತಿಂಗಳುಗಟ್ಟಲೆ ಪೊಲೀಸ್ ಜೀಪು ಕಂಡರೆ ಅಡಗುವವರಿರುತ್ತಾರೆ, ಕೇಸು ಮುಗಿದದ್ದೇ ಅವರಿಗೆ ತಿಳಿದಿರುವುದಿಲ್ಲ. ಅನ್ಯಾಯಕ್ಕೊಳಗಾದವರಾಗಿದ್ದರೆ ಪರಿಹಾರದ ಅರ್ಜಿಯನ್ನೂ ಇದೇ ಜಿಲ್ಲಾ ಪ್ರಾಧಿಕಾರದಲ್ಲಿ ಕೊಡಿಸಿ. ಯುಡಿಐಡಿ ಕಾರ್ಡ್, ಮಾಸಾಶನ ಇನ್ನೂ ಆಗಿಲ್ಲದಿದ್ದರೆ ತಾಲ್ಲೂಕು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಒಪ್ಪಿಸಿ. ಮನೆಯವರು ಸೋತು ಹೋಗಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೊಡಿ. ಇನ್ನು ಮುಂದೆ ನೀವು ಬರುವುದಿಲ್ಲ ಎಂಬುದನ್ನು ಕೊನೆಯ ತಾರೀಖಿಗೆ ಮೊದಲೇ, ಎರಡು ಮೂರು ಸಲ ಹೇಳಿರಿ.